ಕಾರಣ: ಕುಡಿತ

ನಾನು ಹರಿಹರದ ಒಂದು ಲೇತ್ ವರ್ಕ್‌ಶಾಪಿನಲ್ಲಿ ದುಡಿಯುವವನು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಮಾಲು ವಾಪಸ್ ಬರುತ್ತದೆ, ಜೊತೆಗೆ ಬೈಗುಳವೂ ಬರುತ್ತದೆ. ಅಂದಾಜಿನಲ್ಲಿ ಕೆಲಸ ಮುಗಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥ ನನ್ನ ಕಾಯಿಲೆಯ ತಪಾಸಣೆಯನ್ನೇ ಆಸ್ಪತ್ರೆಯವರು ಅಂದಾಜಿನಲ್ಲಿ ಮುಗಿಸಿದ್ದರು.

ಒಂದು ಮಧ್ಯಾಹ್ನ ಉಂಡೆದ್ದ ಮೇಲೆ ಎದೆಗೂಡಿನ ಕೆಳಗೆ ಶುರುವಾದ ನೋವು ಬೆನ್ನಿನವರೆಗೂ ತೂರಿತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು. ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು. ಅದು ಹೊಟ್ಟೆಯಲ್ಲಿ ಎಲ್ಲಿರುತ್ತದೆ ಎನ್ನುವುದೂ ನನಗೆ ಗೊತ್ತಿರಲಿಲ್ಲ.

ಈ ಕಾಯಿಲೆ ಯಾರಿಗೆ, ಯಾವ ಕಾರಣಕ್ಕೆ ಬರುತ್ತದೆ ಎಂದು ವಾರ್ಡಿನಲ್ಲಿ ಲೆಕ್ಕ ತೆಗೆಯುತ್ತಿದ್ದ ಪಿಜಿ ಡಾಕ್ಟರಮ್ಮ ಒಬ್ಬರು ಫಾರಂ ಹಿಡಿದು ಬಂದರು. ಕುಡಿಯುತ್ತೀರಾ ಎಂದು ಕೇಳಿದರು. ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

‘ವರ್ಷಕ್ಕೆ ಎರಡು ಸಲ, ಹಬ್ಬದ ಮಾರನೇ ದಿನ ಕರಿ ಬಾಡೂಟಕ್ಕೆ ಒಂದಿಷ್ಟು ತಗಂತೀನ್ರಿ’ ಎಂದೆ. ಅವರು ‘ಕಾರಣ’ ಎಂಬಲ್ಲಿ ‘ಕುಡಿತ’ ಎಂದು ಬರೆದು ಪಕ್ಕದ ಮಂಚಕ್ಕೆ ಹೋದರು.

ಪಕ್ಕದ ಮಂಚದವನಿಗೂ ಇದೇ ಕಾಯಿಲೆ. ‘ದಿನಾ ಕ್ವಾರ್ಟರ್ ಬೇಕೇ ಬೇಕಣ್ಣ’ ಎಂದು ಬೆಳಿಗ್ಗೆ ತಾನೇ ನನ್ನ ಹತ್ತಿರ ಹೇಳಿದ್ದ. ಈಗ ಅವನ ತಾಯಿ ತಲೆಯ ಹತ್ತಿರ ಕೂತಿದ್ದರು. ಡಾಕ್ಟರಮ್ಮ ಕೇಳಿದ್ದಕ್ಕೆ ‘ಮುಟ್ಟಂಗೇ ಇಲ್ರಿ’ ಎಂದ. ನಮ್ಮಲ್ಲಿ ಹೆತ್ತವಳ ಎದುರು ಹಾಗಲ್ಲದೆ ಇನ್ನು ಹೇಗೆ ಹೇಳುತ್ತಾರೆ?

ಹೊಟ್ಟೆಯ ಗಾಳಿಯಿಂದಾಗಿ ಇಬ್ಬರ ಸ್ಕ್ಯಾನಿನಲ್ಲೂ ಪಿತ್ತಕೋಶ ಸರಿಯಾಗಿ ಕಂಡಿರಲಿಲ್ಲ. ಕುಡಿಯಲ್ಲ ಎಂದಿದ್ದರಿಂದ ಕಾರಣ ಗೊತ್ತಾಗದ ಅವನನ್ನು ಮತ್ತೊಮ್ಮೆ ಸ್ಕ್ಯಾನಿಗೆ ಕಳಿಸಿದರು. ನನಗೆ ‘ಕುಡಿತ ಬಿಡಿ’ ಎಂದು ಬರೆದ ಚೀಟಿ ಕೊಟ್ಟು ಮನೆಗೆ ಕಳಿಸಿದರು.

ಆ ಚೀಟಿಯನ್ನು ನನ್ನ ಹೆಂಡತಿ ನನಗಿಂತ ಹೆಚ್ಚು ನಂಬಿದಳು. ನಾನು ಕೆಲಸದಿಂದ ಬಂದರೆ ಟವೆಲ್ ಕೊಡುವ ನೆಪದಲ್ಲಿ ಹತ್ತಿರ ಬಂದು ಬಾಯಿ ಮೂಸುತ್ತಿದ್ದಳು. ಆವರಗೆರೆಯ ನನ್ನ ಭಾವಮೈದುನ ಮನೆಗೇ ಬಂದು ಬುದ್ಧಿ ಹೇಳಿ ಹೋದ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ನನ್ನ ಮಾತು ಸಾಲಲಿಲ್ಲವಲ್ಲ ಎಂದು ನಾನು ಒಳಗೊಳಗೇ ಕುದಿದೆ.

ಮೂರು ತಿಂಗಳಿಗೆ ಅದೇ ನೋವು ಮತ್ತೆ ಬಂತು. ಆಟೋದಲ್ಲಿ ನಾನು ಮುದುಡಿಕೊಂಡು ಒದ್ದಾಡುತ್ತಿದ್ದರೆ ಅವಳು, ‘ಮತ್ತೆ ಕುಡಿದ್ರೇನ್ರಿ?’ ಎಂದು ಅತ್ತಳು. ವಾರ್ಡಿಗೆ ಬಂದ ಅದೇ ಡಾಕ್ಟರಮ್ಮನೂ, ‘ಮತ್ತೆ ಶುರು ಮಾಡ್ಕೊಂಡ್ರಾ?’ ಎಂದರು.

‘ಹನಿ ಮುಟ್ಟಿಲ್ಲ’ ಎಂದೆ. ‘ಪಿತ್ತಕೋಶ ಇನ್ನೊಂದು ಸಲ ನೋಡ್ರಿ. ನೋಡೋತನಕ ಈ ಮಂಚ ಬಿಟ್ಟು ಏಳಲ್ಲ. ನಿಮ್ಮ ದೊಡ್ಡ ಡಾಕ್ಟರ್ ಬಂದು ಹೇಳಿದ್ರೂ ಏಳಲ್ಲ.’

ನೋವು ಇಳಿದ ಮೇಲೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನ್ ಮಾಡಿದರು. ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲುಗಳಿದ್ದವು. ಅದರಲ್ಲೊಂದು ಜಾರಿ ನಾಳಕ್ಕೆ ಅಡ್ಡ ಬಂದಾಗಲೆಲ್ಲ ಗ್ರಂಥಿ ಊದಿಕೊಳ್ಳುತ್ತದಂತೆ. ಮೊದಲ ಸಲವೇ ನೋಡಿದ್ದರೆ ಈ ಎರಡನೆಯ ನರಳಾಟ ಇರುತ್ತಿರಲಿಲ್ಲ.

‘ಹಳೇ ಫಾರಂ ತಿದ್ರಿ’ ಎಂದೆ.

‘ಆ ಲೆಕ್ಕ ಆಗಲೇ ನಮ್ಮ ದೊಡ್ಡ ಸರ್‌ಗೆ ಕೊಟ್ಟಾಯ್ತು. ತಪ್ಪಿದ್ದು ಒಬ್ಬರದ್ದೇ ಅಲ್ವಾ’ ಎಂದರು.

‘ಒಬ್ಬಂದು ಅಂತ ಹೆಂಗೆ ಹೇಳ್ತೀರಿ? ನಿಜ ಹೇಳಿದ ನಾನು ಕುಡುಕ ಆದೆ. ತಾಯಿ ಎದುರಿಗೆ ಸುಳ್ಳು ಹೇಳಿದೋನಿಗೆ ಎರಡು ಸ್ಕ್ಯಾನ್ ಆತು. ಮನೆಯವರನ್ನ ಸುತ್ತ ನಿಲ್ಲಿಸ್ಕೊಂಡು ಕೇಳಿದ್ರೆ ಯಾರು ನಿಜ ಹೇಳ್ತಾರ್ರಿ?’

ಡಾಕ್ಟರಮ್ಮನ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಹಳೇ ಫಾರಂ ತಂದು, ಸ್ಟೂಲ್ ಎಳೆದು ಕೂತು ‘ಕುಡಿತ’ದ ಮೇಲೆ ಗೆರೆ ಎಳೆದರು, ‘ಕಲ್ಲು’ ಎಂದು ಬರೆದು ಸಹಿ ಹಾಕಿದರು. ಸರ್‌ಗೆ ತಾವೇ ಹೇಳುವುದಾಗಿಯೂ ಒಪ್ಪಿಕೊಂಡರು. ಅವತ್ತಿನಿಂದ ಫಾರಂ ಹಿಡಿದು ಬಂದಾಗಲೆಲ್ಲ ಮೊದಲು ಮನೆಯವರನ್ನು ಟೀ ಕುಡಿಯಲು ಕಳಿಸತೊಡಗಿದರು.

ಪಿತ್ತಕೋಶ ತೆಗೆಯುವ ಆಪರೇಷನ್ನಿನ ಹಿಂದಿನ ದಿನ ಹೊಸ ಫಾರಂ ತುಂಬಬೇಕಿತ್ತು. ‘ಅಮ್ಮಾ, ನೀವು ಸ್ವಲ್ಪ ಟೀ ಕುಡಿದು ಬನ್ನಿ’ ಎಂದು ನನ್ನ ಹೆಂಡತಿಗೂ ಹೇಳಿದರು. ಅವಳು ಕದಲಲಿಲ್ಲ.

‘ನನ್ನ ಮುಂದೇ ಕೇಳ್ರಿ. ಇವ್ರು ಸುಳ್ಳು ಹೇಳಲ್ಲ’ ಎಂದಳು.

‘ಇದನ್ನ ಮೂರು ತಿಂಗಳ ಹಿಂದೆ ಹೇಳ್ಬೇಕಿತ್ತು’ ಎಂದೆ, ಡಾಕ್ಟರಮ್ಮನ ಎದುರೇ.

ಅವಳು ತಲೆ ತಗ್ಗಿಸಲಿಲ್ಲ. ‘ಹೌದು, ಹೇಳ್ಬೇಕಿತ್ತು’ ಎಂದಳು.