ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ

ಪುಣೆಯ ನಮ್ಮ ಮನೆಯ ಹೊರಬಾಗಿಲ ಬಳಿ, ಚಪ್ಪಲಿ ಕಪಾಟಿನ ಎದುರಿಗೆ, ಒಂದು ಕಟ್ಟಿಗೆಯ ಸ್ಟೂಲಿದೆ. ಅದರ ಮೂರು ಕಾಲು ಸಮ, ನಾಲ್ಕನೆಯದು ತುಸು ಗಿಡ್ಡ. ಅದಕ್ಕೊಂದು ಮಡಚಿದ ರಟ್ಟಿನ ಆಸರೆ. ನಮ್ಮ ಯಜಮಾನರು ರಾಂಜಣಗಾಂವದ ಕಾರ್ಖಾನೆಗೆ ಹೊರಡುವಾಗ ಅದರ ಮೇಲೆ ಕುಳಿತು ಬೂಟಿನ ಲಾಡಿ ಕಟ್ಟುತ್ತಾರೆ. ನಾನಾದರೋ ಇಪ್ಪತ್ತು ವರ್ಷ ಅದನ್ನು ಹತ್ತಿ ನಿಲ್ಲುವುದಕ್ಕಷ್ಟೇ ಬಳಸಿದವಳು. ಜೇಡ ಕಂಡರೆ ಸ್ಟೂಲು, ಜರಿ ಕಂಡರೆ ಸ್ಟೂಲು, ಬಚ್ಚಲಿನ ಕಪ್ಪೆ ಕಂಡರೂ ಸ್ಟೂಲು. ಜೇಡಕ್ಕೆ ಎಂಟು ಕಾಲು, ಸ್ಟೂಲಿಗೆ ನಾಲ್ಕೇ, ಅದು ಮನಸ್ಸು ಮಾಡಿದರೆ ನನಗಿಂತ ಮೊದಲು ಮೇಲೇರಿ ಕುಳಿತೀತು ಎಂಬ ವಿವೇಕ ಆ ಗಳಿಗೆಯಲ್ಲಿ ಯಾರಿಗೆ ಹೊಳೆಯುತ್ತದೆ, ನೀವೇ ಹೇಳಿ!

ನನ್ನ ಅಂಜಿಕೆ ಊರೆಲ್ಲ ಹೆಸರಾದದ್ದು ಮಾತ್ರ ಮೊಸಳೆಯಿಂದ. ಮದುವೆಯಾದ ಹೊಸದರಲ್ಲಿ ಅತ್ತೆಯವರೊಂದಿಗೆ ಕೃಷ್ಣೆಯ ದಂಡೆಯ ದತ್ತ ಕ್ಷೇತ್ರವೊಂದಕ್ಕೆ ಹೋಗಿದ್ದೆ. ಅವರು ಸೊಂಟಮಟ್ಟದ ನೀರಿನಲ್ಲಿ ಕಣ್ಣು ಮುಚ್ಚಿ ಅರ್ಘ್ಯ ಕೊಡುತ್ತಿದ್ದರು. ನಾನು ಅವರ ಒಣ ಸೀರೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಯಾರೋ "ಮಗರ್! ಮಗರ್!" ಎಂದು ಕೂಗಿದರು. ಆಚೆ ದಂಡೆಯ ಮರಳಿನಲ್ಲಿ, ಬಾಯಿ ತೆರೆದು, ಹಗಲುನಿದ್ದೆ ಮಾಡುವವರ ಹಾಗೆ ಬಿದ್ದುಕೊಂಡಿತ್ತು ಮೊಸಳೆ. ನಡುವೆ ಇಡೀ ಹೊಳೆ. ಆದರೂ ನಾನು ಓಡಿದೆ. ಗುಡಿಯ ಮಹಾದ್ವಾರ ದಾಟಿ, ಹೂವಿನ ಅಂಗಡಿ ದಾಟಿ, ಬಸ್ಸು ನಿಲ್ಲುವ ಜಾಗದಲ್ಲಿ ನಿಂತಾಗ ನೋಡಿದರೆ ಅತ್ತೆಯವರ ಸೀರೆ ನನ್ನ ಕೈಯಲ್ಲೇ ಇತ್ತು. ಅವರು ಒದ್ದೆ ಸೀರೆಯಲ್ಲಿ, ಅಷ್ಟು ಜನರ ನಡುವೆ, ನಡುಗುತ್ತ ಕಾದಿದ್ದರು.

"ಮೊಸಳಿ ನನ್ನ ಬಿಡ್ತು ನೋಡ್ರಿ, ಸೊಸಿ ನನ್ನ ಸೀರಿ ಬಿಡಲಿಲ್ಲ!" ಎಂದು ಅವರು ಬಂದವರಿಗೆಲ್ಲ ಹೇಳಿದ್ದಾರೆ. ಧಾರವಾಡದ ನೆಂಟರಿಗೆ, ಪುಣೆಯ ನೆರೆಯವರಿಗೆ, ಹಾಲಿನವನಿಗೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ನಗೆಯ ಕೆಳಗೊಂದು ಮುಳ್ಳಿತ್ತು. ನೀರಿನಲ್ಲಿ ನಿಂತ ಮುದುಕಿಯನ್ನು ಬಿಟ್ಟು ಓಡಿದವಳು ನಾನು ಎಂಬುದು ಕಥೆಯಷ್ಟೇ ಆಗಿರಲಿಲ್ಲವಲ್ಲ, ನಿಜವೂ ಆಗಿತ್ತು.

ಹೋದ ಆಷಾಢದಲ್ಲಿ ಅತ್ತೆಯವರು ಸೊಂಟದ ಎಲುಬು ಮುರಿದು, ಆಪರೇಶನ್ ಆಗಿ, ಹಾಸಿಗೆ ಹಿಡಿದಿದ್ದರು. ಇಬ್ಬರು ಸೇರಿ ಎತ್ತದೆ ಹೊರಳುವ ಹಾಗಿರಲಿಲ್ಲ. ಕಾಲುವೆಯ ಬದಿಯ ನೆಲಮಹಡಿಯ ಮನೆ ನಮ್ಮದು. ಮಳೆಗೆ ಉಬ್ಬಿದ ಅವರ ಕೋಣೆಯ ಬಾಗಿಲು ಮುಚ್ಚುತ್ತಲೇ ಇರಲಿಲ್ಲ, ಪರದೆಯೊಂದೇ ಮರೆ. ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒದ್ದೆ ಛತ್ರಿ ತೆಗೆಯಲು ಬಗ್ಗಿದೆ. ಕಪಾಟಿನ ಹಿಂದೆ ದಪ್ಪನೆಯ ಹಗ್ಗ ಕಂಡಿತು. ಹಗ್ಗ ಉಸಿರಾಡಿತು.

ನನ್ನ ಬಲಗಾಲು ತಾನಾಗಿಯೇ ಸ್ಟೂಲಿನ ಮೇಲೆ ಏರಿತ್ತು. ಅಷ್ಟರಲ್ಲಿ ಪರದೆಯ ಆಚೆ ಅತ್ತೆಯವರು ಕೆಮ್ಮಿದರು. ಕಾಲು ಕೆಳಗಿಳಿಸಿದೆ. ಆ ಕಾಲನ್ನು ಇಳಿಸಿದ್ದು ನಾನೋ, ದತ್ತಾತ್ರೇಯನೋ, ಇಂದಿಗೂ ತಿಳಿಯದು.

ಹಾವು ಹಿಡಿಯುವವರ ನಂಬರು ನಮ್ಮ ಕಟ್ಟಡದ ಗೇಟಿನ ಫಲಕದಿಂದ ಎಂದೋ ಬರೆದುಕೊಂಡಿದ್ದೆ. ಫೋನಿನಲ್ಲಿ ಒಬ್ಬ ಹುಡುಗಿ ಮರಾಠಿಯಲ್ಲಿ ಶಾಂತವಾಗಿ ಹೇಳಿದಳು: "ಕಾಕೂ, ಬರಲು ಮುಕ್ಕಾಲು ಗಂಟೆ ಬೇಕು. ಹತ್ತಿರ ಹೋಗಬೇಡಿ, ಓಡಿಸಬೇಡಿ. ಅದರ ಮೇಲಿನ ಕಣ್ಣು ಮಾತ್ರ ತೆಗೆಯಬೇಡಿ. ಒಮ್ಮೆ ಮನೆಯೊಳಗೆ ಸರಿದುಹೋದರೆ ನನಗೂ ಸಿಗುವುದಿಲ್ಲ." ಮನೆಯೊಳಗೆ ಎಂದರೆ ಎಲ್ಲಿ? ಆರು ಹೆಜ್ಜೆಗೆ ಪರದೆ, ಪರದೆಯ ಹಿಂದೆ ಅಲುಗಾಡಲಾರದ ಜೀವ. ಸ್ಟೂಲನ್ನು ಹಾವಿಗೂ ಪರದೆಗೂ ನಡುವೆ, ಎಟುಕದಷ್ಟು ದೂರದಲ್ಲಿ ಎಳೆದುಕೊಂಡು ಕುಳಿತೆ. ರಟ್ಟು ಅಲ್ಲಿಯೇ ಉಳಿಯಿತು.

ನನ್ನ ಫೋನಿನ ಮಾತು ಕೇಳಿ ಎದುರು ಮನೆಯ ಜೋಶಿ ಕಾಕಾ ಮೊಮ್ಮಗನ ಕ್ರಿಕೆಟ್ ಬ್ಯಾಟು ಹಿಡಿದು ಬಾಗಿಲಲ್ಲಿ ಬಂದು ನಿಂತರು. "ವಹಿನಿ, ಸರಿಯಿರಿ, ಒಂದೇ ಏಟು!"

"ಏಟು ತಪ್ಪಿದರೆ ಅದು ಎಲ್ಲಿಗೆ ಓಡುತ್ತದೆ ಕಾಕಾ? ಬ್ಯಾಟು ಕೆಳಗಿಡಿ," ಎಂದೆ ಮರಾಠಿಯಲ್ಲಿ. ಅವರೊಡನೆ ಹಾಗೆಂದೂ ಮಾತಾಡಿದವಳಲ್ಲ. ಕಾಕಾ ಬ್ಯಾಟು ಇಟ್ಟರು.

ಒಳಗಿನಿಂದ ಕೂಗು ಬಂತು. "ಏನಾಗ್ಯದ ಅಲ್ಲೆ? ಯಾಕ ಒದರ್ಲಿಕತ್ತೀರಿ?"

"ಹಾವು ಬಂದದರಿ, ಅತ್ಯಾರ. ಹಿಡಿಯವ್ರು ಬರ್ಲಿಕತ್ತಾರ. ನೀವು ಸುಮ್ಮನ ಮಲಗ್ರಿ."

ಆಮೇಲೆ ಮೆತ್ತಗೆ, "ನೀ ಹೊರಗ ಹೋಗವಾ. ನಂದು ವಯಸ್ಸಾಗ್ಯದ. ಈ ಸಲ ನಾನ ಹೇಳ್ತೀನಿ, ಓಡು."

ನಾನು ಓಡಲಿಲ್ಲ. ಹೆದರಿಕೆ ಹೋಗಿತ್ತೆಂದರೆ ದೇವರು ಮೆಚ್ಚನು. ಮೊಣಕಾಲುಗಳ ನಡುಕಕ್ಕೆ ಸ್ಟೂಲಿನ ಗಿಡ್ಡ ಕಾಲು ನೆಲಕ್ಕೆ ಟಕಟಕನೆ ಬಡಿಯುತ್ತಿತ್ತು. ಜಪವನ್ನು ಯಾವಾಗಲೂ ಕಣ್ಣು ಮುಚ್ಚಿಯೇ ಮಾಡಿದವಳು ಅಂದು ನಾಮವನ್ನು ಬಾಯಲ್ಲಿಟ್ಟುಕೊಂಡು ಕಣ್ಣನ್ನು ಹಾವಿನ ಮೇಲಿಟ್ಟೆ. ಅಷ್ಟು ಹೊತ್ತು, ಅಷ್ಟು ಎಚ್ಚರದಿಂದ, ದೇವರ ಕೋಣೆಯ ಮೂರ್ತಿಯನ್ನೂ ನಾನು ನೋಡಿದ್ದಿಲ್ಲ. ಮಳೆಯಲ್ಲಿ ನೆನೆದ ಅದರ ಮೈಯ ಹೊಳಪು, ಒಂದೊಂದು ಉಸಿರಿಗೂ ಏಳುವ ಪಕ್ಕೆ, ಬಾಗಿಲಾಚೆ ಸೇರಿದ ನೆರೆಯವರ ಗದ್ದಲಕ್ಕೆ ಇನ್ನಷ್ಟು ಮುದುಡಿಕೊಳ್ಳುವ ಸುರುಳಿ. ಪಾಪ, ಅದಕ್ಕೆ ಹತ್ತಿ ನಿಲ್ಲಲು ಸ್ಟೂಲೂ ಇರಲಿಲ್ಲ.

ರೇನ್‌ಕೋಟು ತೊಟ್ಟ ಹುಡುಗಿ ಸ್ಕೂಟರಿನಿಂದಿಳಿದು ಬಂದು, ಎರಡೇ ನಿಮಿಷದಲ್ಲಿ ಅದನ್ನು ಚೀಲಕ್ಕೆ ಇಳಿಸಿದಳು. "ಧಾಮಣ, ಕಾಕೂ. ವಿಷವಿಲ್ಲ." ನಮ್ಮ ಕಡೆಯ ಕೇರೆಹಾವು! ಜೋಶಿ ಕಾಕಾ ಜೋರಾಗಿ ನಕ್ಕರು. ನಗಲಿ ಬಿಡಿ. ವಿಷವಿಲ್ಲವೆಂಬುದು ಹುಡುಗಿಗೆ ಗೊತ್ತಿತ್ತು, ಹಾವಿಗೆ ಗೊತ್ತಿತ್ತು. ಸ್ಟೂಲಿನ ಮೇಲಿದ್ದವಳಿಗೆ ಗೊತ್ತಿರಲಿಲ್ಲವಲ್ಲ! ಆದ್ದರಿಂದ ನನ್ನ ಮುಕ್ಕಾಲು ಗಂಟೆಯಲ್ಲಿ ಒಂದು ನಿಮಿಷವನ್ನೂ ನಾನು ಕಡಿಮೆ ಮಾಡಿಕೊಳ್ಳುವುದಿಲ್ಲ. ಹುಡುಗಿಯೇ ಹೊರಡುವಾಗ ಅಂದಳು, "ಇಷ್ಟು ಹೊತ್ತು ಯಾರೂ ಕಾಯುವುದಿಲ್ಲ ಕಾಕೂ."

ಸಂಜೆ ದೀಪ ಹಚ್ಚಿ, ಆ ದಿನ ದೇವರು ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ನೆನೆಯುವುದು ನನ್ನ ರೂಢಿ: ಹಾಲು ಒಡೆಯಲಿಲ್ಲ, ಅತ್ತೆಯವರಿಗೆ ನಿದ್ದೆ ಹತ್ತಿತು, ಇಂಥವೇ. ಈಗ ಅದರ ಜೊತೆಗೆ ಒಂದು ತಪ್ಪೊಪ್ಪಿಗೆಯೂ ಸೇರಿದೆ. ಏಕಾದಶಿಗೆ ಹನಿ ನೀರೂ ಮುಟ್ಟದ, ಆಟಕ್ಕೂ ಸುಳ್ಳಾಡದ ನಮ್ಮ ಅತ್ತೆಯವರು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಾರೆ: "ನಾಗರಹಾವ್ರಿ! ಇಷ್ಟೆತ್ತರ ಹೆಡಿ! ನಮ್ಮ ಸೊಸಿ ಅಲುಗಾಡ್ಲಿಲ್ಲ." ನಾನು ತಿದ್ದುವುದಿಲ್ಲ, ಚಹಾ ತರಲು ಎದ್ದುಹೋಗುತ್ತೇನೆ. ಮೊಸಳೆಯ ಸುದ್ದಿಯನ್ನು ಅವರು ಎತ್ತುವುದೇ ಇಲ್ಲ.

ಮೊನ್ನೆ ಯಜಮಾನರು ಸ್ಟೂಲಿನ ಗಿಡ್ಡ ಕಾಲಿಗೆ ಹೊಸ ರಟ್ಟು ಮಡಚುತ್ತಿದ್ದರು. ವಾಕರ್ ಹಿಡಿದು ನಿಧಾನವಾಗಿ ಬಂದ ಅತ್ತೆಯವರು ತಡೆದರು. "ಹಂಗ ಇರ್ಲಿ ಬಿಡಪಾ. ಅವತ್ತು ಅದರ ಟಕಟಕ ಕೇಳ್ಕೋತ ಮಲಗಿದ್ದೆ ನಾ. ಸಪ್ಪಳ ಇರೂತನಕ ಆಕಿ ಇದ್ದಾಳ ಅಂತ ಗೊತ್ತಾಗ್ತಿತ್ತು."

ಈಗ ಕಾಯಿಪಲ್ಯ ಹೆಚ್ಚುವುದಕ್ಕೂ ನಾನು ಅದರ ಮೇಲೆಯೇ ಕೂಡುತ್ತೇನೆ. ನಡುವೆ ಒಮ್ಮೊಮ್ಮೆ, ಬೇಕೆಂತಲೇ, ಸ್ವಲ್ಪ ಅಲುಗಾಡಿಸುತ್ತೇನೆ. ಟಕ್ ಎನ್ನುತ್ತದೆ. ಒಳಗಿನಿಂದ ಅತ್ತೆಯವರು "ಹ್ಞೂಂ" ಎನ್ನುತ್ತಾರೆ.