ಒಣಗದ ಅರ್ಧ ದೋಣಿ

ಇವತ್ತು ಬೆಳಿಗ್ಗೆ ಹೊಳೆದಡದಲ್ಲಿ ಕೂತು ದೋಣಿಯ ಅಂಚು ಉಜ್ಜುತ್ತಿದ್ದೆ. ಮೇಲಿನ ಕರಿ ಬಣ್ಣ ಎದ್ದು ಅಡಿಯ ಕೆಂಪು ಕಾಣಿಸಿತು. ಬೇಗ ಮುಗಿಸಬೇಕೆಂದು ಬಂದವನು ಸುಮ್ಮನೆ ನೋಡುತ್ತ ಕೂತೆ. ಆ ಕೆಂಪಿನ ವಿಷಯ ನಿಮಗೆ ಹೇಳಬೇಕು. ನನಗೆ ಬರುವುದು ನಾಲ್ಕು ಅಕ್ಷರ. ಚಂದ ಮಾಡಿ ಹೇಳಲು ಗೊತ್ತಿಲ್ಲ.

ಐದು ವರ್ಷದ ಹಿಂದೆ ಈ ಕಬ್ಬಿಣದ ದೋಣಿ ತುಕ್ಕು ಹಿಡಿದು ಎಸ್ಟೇಟಿನ ಸ್ಟೋರ್ ಹಿಂದೆ ಬೋರಲು ಬಿದ್ದಿತ್ತು. ಅದರಡಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಮಳೆಗಾಲದಲ್ಲಿ ಹೇಮಾವತಿ ಹೊಳೆ ದಾಟಿಸಲು ಎಸ್ಟೇಟಿನ ಬಿಳಿ ದೊರೆಗೆ ಅಂಬಿಗ ಬೇಕಾಗಿದ್ದ. ನಾನು ಕಾಫಿ ಗಿಡದ ಬುಡದಲ್ಲಿ ಕಳೆ ಕೀಳುವವನು. ಬಗ್ಗಿ ಬಗ್ಗಿ ಸಾಕಾಗಿತ್ತು. ಬಣ್ಣದ ಕೆಲಸ ಬರುತ್ತದಾ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೇಳಿದರು. ಬರುತ್ತದೆ ಎಂದೆ. ಸುಳ್ಳು. ಮಳೆ ಹಿಡಿಯುವುದರೊಳಗೆ ದೋಣಿ ನೀರಿಗಿಳಿದರೆ ಅಂಬಿಗನ ಕೆಲಸ ನನಗೆ. ಇಲ್ಲವಾದರೆ ಮತ್ತೆ ಕಳೆ.

ಸ್ಟೋರ್ ಕಟ್ಟಲು ಘಟ್ಟ ಹತ್ತಿ ಬಂದಿದ್ದ ಮಂಗಳೂರು ಕಡೆಯ ಮೇಸ್ತ್ರಿಯೊಬ್ಬರು ಊರಿಗೆ ಹೊರಡುವ ಮೊದಲು ದಾರಿ ತೋರಿಸಿದರು. ಕಬ್ಬಿಣ ಹೊಳೆಯುವ ತನಕ ಉಜ್ಜು, ತುಕ್ಕು ತಡೆಯುವ ಕೆಂಪು ಸಿಂಧೂರದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಬಳಿ, ಒಣಗಿದ ಮೇಲೆ ಕರಿ ಬಣ್ಣ ಹೊಡಿ. ಇನ್ನೂ ಏನೋ ಹೇಳುತ್ತಿದ್ದರು. ನಾನು ಆಗಲೇ ಇಟ್ಟಿಗೆ ಚೂರು ಹಿಡಿದು ಶುರುಮಾಡಿದ್ದೆ.

ಆರು ದಿನ ಉಜ್ಜಿದೆ. ಕೆಂಪು ಬಳಿಯುವಾಗ ಅರ್ಧಕ್ಕೇ ಅಗಸೆ ಎಣ್ಣೆ ಮುಗಿಯಿತು. ಕೂಲಿಯವರ ಲೈನಿನ ನನ್ನ ಮನೆಯಲ್ಲಿ ದೀಪಕ್ಕೆ ಇಟ್ಟ ಹೊಂಗೆ ಎಣ್ಣೆ ಇತ್ತು. ಎಣ್ಣೆ ಅಂದರೆ ಎಣ್ಣೆ ತಾನೇ? ಕಲಸಿ ಬಳಿದೆ.

ನಾಲ್ಕನೇ ದಿನಕ್ಕೆ ದೋಣಿಯ ಮುಂದಿನರ್ಧ ಕಲ್ಲಿನಂತೆ ಗಟ್ಟಿ. ಹಿಂದಿನರ್ಧ ಹಸಿ. ಎಂಟನೇ ದಿನವೂ ಹಸಿ. ಅದಕ್ಕೆ ಒರಗಿದ ನಾಯಿ ಕೆಂಪಾಗಿ ಹೋಯಿತು. ನಾಯಿಗೆ ಮದುವೆಯಾ ಎಂದು ಲೈನಿನವರು ನನ್ನನ್ನು ಕೇಳಿದರು. ಪಡುವಣದ ಮಾರನಹಳ್ಳಿ ಕಡೆ ಮಳೆಮೋಡ ಕಟ್ಟುತ್ತಿತ್ತು. ದಿನಕ್ಕೆ ಹತ್ತು ಸಲ ಬಣ್ಣಕ್ಕೆ ಬೆರಳಿಟ್ಟು ನೋಡುತ್ತಿದ್ದೆ.

ಎಸ್ಟೇಟಿಗೆ ಎಣ್ಣೆ ತರುತ್ತಿದ್ದವಳು ಮಗ್ಗೆ ಊರಿನ ಗಾಣದ ನಂಜಕ್ಕ. ಹಸಿ ಬಣ್ಣಕ್ಕೆ ಬೆರಳಿಟ್ಟು ಮೂಸಿದಳು.

“ಯಾವ ಎಣ್ಣೆ ಕಲಸಿದ್ಯೋ?”

“ಹೊಂಗೆದು.”

“ಥೂ ನಿನ್ನ. ದೀಪದ ಹಣತೆ ಒಣಗಿದ್ದು ಯಾವತ್ತಾರ ನೋಡಿದ್ಯಾ? ಬರೋ ವರ್ಸಕ್ಕೂ ಹಿಂಗೇ ಇರ್ತೈತೆ ಕಣೋ.”

ಹುಚ್ಚೆಳ್ಳೆಣ್ಣೆ ಮಡಕೆಯ ಕಂಠಕ್ಕೆ ಸೋರಿದರೆ ಒಣಗಿ ಅರಗಿನಂತೆ ಕಚ್ಚಿಕೊಳ್ಳುತ್ತದೆ, ಅದನ್ನು ಕೆರೆದು ಕೆರೆದೇ ತನ್ನ ಉಗುರು ಸವೆದಿದೆ ಎಂದಳು. ಕಾಯಿಸಿ ನೋಡೋಣವಾ ಎಂದು ಅವಳೇ ಕೇಳಿದಳು. ಯಾರ ಮಾತನ್ನೂ ಪೂರ್ತಿ ಕೇಳದ ನಾನು ಅವತ್ತು ಒಲೆಯ ಮುಂದೆ ಬಾಯಿ ಮುಚ್ಚಿ ಕೂತೆ. ಬೂದಿ, ಸೀಗೆಪುಡಿ ಹಾಕಿ ಹಿಂದಿನರ್ಧ ತೊಳೆದೆವು. ಅವಳು ಹುಚ್ಚೆಳ್ಳೆಣ್ಣೆಯನ್ನು ಜೇನಿನಷ್ಟು ಮಂದವಾಗುವ ತನಕ ಕಾಯಿಸಿದಳು. ಅದರಲ್ಲೇ ಪುಡಿ ಕಲಸಿ ಬಳಿದೆ.

ಮೂರನೇ ದಿನ ಅಂಗೈ ಒತ್ತಿ ತೆಗೆದೆ. ಅಂಗೈಗೆ ಏನೂ ಹತ್ತಿರಲಿಲ್ಲ. ನಂಬಿಕೆ ಬಾರದೆ ಇನ್ನೊಂದು ಅಂಗೈಯನ್ನೂ ಒತ್ತಿದೆ.

ಕರಿ ಬಣ್ಣಕ್ಕೂ ಅದೇ ಎಣ್ಣೆ. ದೊರೆ ಬಂದು ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಿ, ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ನಾನು ಅಂಬಿಗನಾದೆ.

ಈಗ ಎರಡನೇ ಕಬ್ಬಿಣದ ದೋಣಿ ಬರುತ್ತಿದೆ. ಇವತ್ತು ಮಧ್ಯಾಹ್ನ ರೈಟರು ದಡಕ್ಕೆ ಬಂದು, ಅದರ ಬಣ್ಣಕ್ಕೆ ನೀನೊಬ್ಬನೇ ಸಾಕಾ ಎಂದರು. ಸಾಲದು, ನಂಜಕ್ಕನನ್ನೂ ಕರೆಸಿ, ನನ್ನಷ್ಟೇ ಕೂಲಿ ಕೊಡಿ ಎಂದೆ. ಹೆಂಗಸು ದೋಣಿಗೆ ಬಣ್ಣ ಬಳಿಯುತ್ತಾಳಾ ಎಂದು ನಕ್ಕರು.

“ಬಳಿಯಾಕೆ ನಾನಿದ್ದೀನಿ ಕಣ್ರೀ,” ಎಂದೆ. “ಬಳಿದಿದ್ದು ಒಣಗಾಕೆ ಅವ್ಳು ಬೇಕು.”