ಮುತ್ತುಗದೆಲೆಯ ಪೊಟ್ಟಣ

ಮಹಾರಾಜರ ಕಾಲ, ಹುಣಸೂರಿಗೆ ಇದ್ದಿಲಿನ ಬಸ್ಸು ಬರುತ್ತಿದ್ದ ದಿನಗಳು. ಬಸ್ಸು ನಿಲ್ಲುವ ಆಲದಮರದಡಿಯಲ್ಲೇ ಗಫೂರ್ ಸಾಬರ ಕಬಾಬಿನಂಗಡಿ. ತಗಡಿನ ಮಾಡು, ಒಂದು ಒಲೆ, ಒಂದು ಹಲಗೆ, ಅಷ್ಟೇ. ಗಾಡಿ ಹೊಡೆಯುವವರು, ಕೂಲಿಯವರೆಲ್ಲ ಮುತ್ತುಗದೆಲೆಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಾವು ಲಿಂಗ ಕಟ್ಟಿದ ಮನೆಯವರು. ಆ ದಾರಿಯಲ್ಲಿ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು, ನಾನು ಮೂಗು ಅರಳಿಸುತ್ತಿದ್ದೆ.

ಸಾಬರದೊಂದು ಕಟ್ಟುಪಾಡು. ಕೊರಳಲ್ಲಿ ಶಿವದಾರ ಕಂಡರೆ ಕಬಾಬು ಕೊಡುತ್ತಿರಲಿಲ್ಲ. "ನಿಮ್ಮೋರು ನೊಂದ್ಕೋತಾರೆ ಕಣವ್ವ, ಓಗು" ಎಂದು ಕಳಿಸಿಬಿಡುತ್ತಿದ್ದರು. ನನಗಾಗ ಒಂಬತ್ತು ವರ್ಷ. ಆಸೆ ಎಂಥ ಕೆಟ್ಟದ್ದು ನೋಡಿ. ಒಂದು ಮಧ್ಯಾಹ್ನ ಮರದ ಹಿಂದೆ ನಿಂತು, ಲಿಂಗದ ಕರಡಿಗೆಯನ್ನು ದಾರಸಮೇತ ಬಿಚ್ಚಿ, ಮುತ್ತುಗದೆಲೆಯಲ್ಲೇ ಸುತ್ತಿಕೊಂಡು ಅಂಗಡಿಗೆ ಹೋದೆ. ಬಸ್ಸಿನ ಗದ್ದಲ. ಸಾಬರು ಕೊರಳನ್ನಷ್ಟೇ ನೋಡಿದರು, ಕಬಾಬು ಕೊಟ್ಟರು. ಲಿಂಗದ ಪೊಟ್ಟಣವನ್ನು ಹಲಗೆಯ ಮೇಲೆ ಕಟ್ಟಿಟ್ಟಿದ್ದ ಪೊಟ್ಟಣಗಳ ಪಕ್ಕ ಇಟ್ಟು ಒಂದು ತುಂಡು ಬಾಯಿಗಿಟ್ಟೆ. ಖಾರ, ನಿಂಬೆಹುಳಿ, ಕೆಂಡದ ಘಮ. ಅಯ್ಯೋ, ಏನು ರುಚಿ! ಅಷ್ಟರಲ್ಲಿ ಚಿಕ್ಕಪ್ಪನ ಕೆಮ್ಮು ಕೇಳಿಸಿತು. ಪೊಟ್ಟಣ ಬಾಚಿಕೊಂಡು ಓಡಿದೆ.

ಹಿತ್ತಿಲಲ್ಲಿ ಬಿಚ್ಚಿದರೆ ಒಳಗೆ ಎರಡು ತುಂಡು ಕಬಾಬು.

ಲಿಂಗ ಹಲಗೆಯ ಮೇಲೆ, ಮಡಿಕೇರಿ ಬಸ್ಸು ಹತ್ತುವವರ ಪೊಟ್ಟಣಗಳ ನಡುವೆ! ಬರಿಗೊರಳು ಅಜ್ಜಿಯ ಕಣ್ಣಿಗೆ ಬಿದ್ದೇಬಿತ್ತು. ಹೊಳೆಯಲ್ಲಿ ಬಿದ್ದುಹೋಯಿತೆಂದು ಸುಳ್ಳು ಹೇಳಿದೆ. ಲಿಂಗ ಹೋದರೆ ಜೀವ ಹೋದಂತೆ ಎನ್ನುವ ಮನೆ ಅದು. ಅಜ್ಜಿ ಒಲೆಗೆ ನೀರು ಸುರಿದು, ಅದು ಸಿಗುವತನಕ ಉಗುಳೂ ನುಂಗುವುದಿಲ್ಲವೆಂದು ಕೂತುಬಿಟ್ಟಳು. ಆಗಲೂ ನಾನು ನಿಜ ಹೇಳಲಿಲ್ಲ. ಚಿಕ್ಕಪ್ಪ ಹೊಳೆದಂಡೆಯಲ್ಲಿ ಹುಡುಕಾಡಿದ ಸುದ್ದಿ ಊರೆಲ್ಲ ಹರಡಿತು.

ಸಂಜೆ ಬಾಗಿಲಾಚೆ ಗಫೂರ್ ಸಾಬರು ನಿಂತಿದ್ದರು. ತಲೆ ಒದ್ದೆ, ಮೈಮೇಲೆ ಒಗೆದ ಬಟ್ಟೆ. ಎರಡೂ ಅಂಗೈಯಲ್ಲಿ ಎಲೆಯ ಪೊಟ್ಟಣ.

"ಒಳೆ ದಾರೀಲಿ ಸಿಕ್ತು ಕಣವ್ವ. ಕೈಯಲ್ಲಿ ಮುಟ್ಟಿಲ್ಲ, ಎಲೇಲೇ ತಂದೀವ್ನಿ."

ಅಜ್ಜಿ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡವಳು ಹಾಗೇ ನಿಂತಳು. ದಾರವನ್ನು ಮೂಗಿನ ಹತ್ತಿರ ಹಿಡಿದಳು.

"ಒಳೇಲಿ ಬಿದ್ದ ದಾರ ಕೆಂಡದ ಒಗೆ ವಾಸ್ನೆ ಒಡೀತದಲ್ಲ, ಸಾಬ್ರೇ."

ಸಾಬರು ತಲೆ ತಗ್ಗಿಸಿದರು. ನಾನು ಏಟಿಗೆ ಕಾದು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ.

"ಇನ್ಮ್ಯಾಕೆ ಬರೀ ಕತ್ತು ನೋಡ್ಬ್ಯಾಡಿ. ಮೊಕ ನೋಡಿ," ಎಂದಳು ಅಜ್ಜಿ. ಅವರಿಗೆ ಮಜ್ಜಿಗೆ ಕೊಟ್ಟು, ತಾನು ಆಮೇಲೆ ಕುಡಿದಳು. ನನಗೆ ಹೊಸ ದಾರ ಕಟ್ಟಿದಳು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಮಾತನ್ನು ಅವಳು ಸಾಯುವತನಕ ಎತ್ತಲಿಲ್ಲ.

ಈಗ ಆ ರಸ್ತೆಯಲ್ಲಿ ಹೆಜ್ಜೆಗೊಂದು ಕಬಾಬಿನಂಗಡಿ. ಮೊನ್ನೆ ಸುಮ್ಮನೆ ಒಂದರ ಮುಂದೆ ಹೋಗಿ ನಿಂತೆ. ಕೊರಳಲ್ಲಿ ಶಿವದಾರ ಎದ್ದು ಕಾಣುತ್ತಿತ್ತು. "ಎಷ್ಟು ಪ್ಲೇಟು?" ಎಂದ ಅಂಗಡಿಯವನು ತಲೆ ಎತ್ತಲೇ ಇಲ್ಲ. ಸಾಬರ ಹಾಗೆ ‘ಓಗು’ ಎನ್ನುತ್ತಾನೇನೋ ಎಂದು ಬಹಳ ಹೊತ್ತು ಕಾದೆ.